ಎರಕದ ಮನೆಯ ಮಣ್ಣು ಕಲಸುವ ರಾಚಮ್ಮ

ಚಾಮರಾಜನಗರದ ರೈಲ್ವೆ ಸ್ಟೇಷನ್ ಎದುರಿನ ಜಟಕಾ ಸ್ಟ್ಯಾಂಡಿನಲ್ಲಿ ಇನ್ನೂ ಮಬ್ಬುಗತ್ತಲೆ. ಬೆಳಗಿನ ರೈಲಿಗೆ ಬಂದವರು ಬೀಡಿ ಹಚ್ಚಿಕೊಂಡು ನಿಂತಿದ್ದಾರೆ. ಅವರ ನಡುವೆಯೇ ಮಂಕರಿ ಹಿಡಿದ ಹೆಂಗಸೊಬ್ಬಳು ಬಗ್ಗಿ ಬಗ್ಗಿ ಕುದುರೆ ಲದ್ದಿ ಆರಿಸುತ್ತಿದ್ದಾಳೆ. ಹಸಿಯಾದದ್ದನ್ನು ಮುಟ್ಟುವುದಿಲ್ಲ. ಒಣಗಿದ್ದನ್ನು ಬೆರಳಲ್ಲಿ ಪುಡಿ ಮಾಡಿ, ಒಳಗಿನ ನಾರು ನೋಡಿ, ಮನಸ್ಸಿಗೆ ಬಂದರೆ ಮಾತ್ರ ಮಂಕರಿಗೆ ಹಾಕುತ್ತಾಳೆ.

"ಏನ್ ರಾಚಕ್ಕ, ನಿನ್ ಎರಕದ್ಮನ ಇನ್ನೂ ಬದುಕದಾ?" ಎಂದು ಜಟಕಾ ಹೊಡೆಯುವ ಮಾದಪ್ಪ ಕೆಣಕುತ್ತಾನೆ.

"ನಿನ್ ಕುದ್ರ ಬದುಕಿರೋಗಂಟ ಬದುಕಿರ್ತದ, ಬುಡ್ಲಾ," ಎನ್ನುತ್ತಾಳೆ ಆಕೆ. ಮಾದಪ್ಪ ನಗುತ್ತಾನೆ. ರಾಚಮ್ಮ ನಗುವುದಿಲ್ಲ. ಒಂದು ತಿಂಗಳಿಂದ ಆಕೆಗೆ ನಗು ಬಂದಿಲ್ಲವೆಂದು ಆಮೇಲೆ ನನಗೆ ತಿಳಿಯುತ್ತದೆ.

ರೈಲ್ವೆ ಹಳಿಯ ಆಚೆಗಿರುವ ಕಬ್ಬಿಣದ ಕಾರ್ಖಾನೆಯನ್ನು ಊರವರು ಕರೆಯುವುದು ಎರಕದ ಮನೆ ಎಂದೇ. ಇಲ್ಲಿ ಕಬ್ಬಿನ ಗಾಣದ ಉರುಳೆ, ಬಾವಿಯ ರಾಟೆ, ಬಂಡಿಯ ಸಾಮಾನು ಎರೆಯುತ್ತಾರೆ. ಕಾದ ಕಬ್ಬಿಣವನ್ನು ಹೊಯ್ಯಲು ಮಣ್ಣಿನ ಅಚ್ಚು ಬೇಕು. ಆ ಮಣ್ಣನ್ನು ಹದ ಮಾಡುವವಳು ಉಮ್ಮತ್ತೂರಿನ ಈ ರಾಚಮ್ಮ. ಜೇಡಿಮಣ್ಣು, ಮರಳು, ಲದ್ದಿ ಮೂರನ್ನೂ ಗುಂಡಿಗೆ ಸುರಿದು, ಸೀರೆ ಮೇಲಕ್ಕೆ ಕಟ್ಟಿ, ಕಾಲಲ್ಲಿ ತುಳಿಯುತ್ತಾಳೆ. ಸಗಣಿ ಆಗುವುದಿಲ್ಲವೇ ಎಂದು ನಾನು ಕೇಳುತ್ತೇನೆ.

"ದನ ಮೆಲುಕಾಕಿ ನಾರ ನುಣ್ಣಗ್ ಮಾಡ್ಬುಡ್ತದ ಸಾಮಿ. ಕುದ್ರ ಲದ್ದಿಲಿ ನಾರು ಹಂಗೇ ಇರ್ತದ. ಅಚ್ಚ ಸುಟ್ಟಾಗ ನಾರು ಸುಟ್ಟೋಗಿ ಸಣ್ ಸಣ್ ತೂತಾದದು. ಕಬ್ಬಿಣ್ದ ಬಿಸಿ ಉಸ್ರು ಅದ್ರಲ್ಲಿ ಆಚ್ಗೋಗ್ಬೇಕು. ಹೋಗ್ನಿಲ್ಲ ಅಂದ್ರ ಎರೆಯೋನ್ ಮೊಕಕ್ಕೇ ಉಗೀತದ."

ಮಹಾಯುದ್ಧದ ವರ್ಷಗಳಲ್ಲಿ ಈ ಕುಲುಮೆ ದಿನವೂ ಉರಿಯುತ್ತಿತ್ತಂತೆ. ಪಟ್ಟಾಳಕ್ಕೆ ಬೇಕಾದ ಏನೇನೋ ಇಲ್ಲಿ ಎರಕವಾಗಿ ರೈಲು ಹತ್ತುತ್ತಿದ್ದವಂತೆ. ಯುದ್ಧ ಮುಗಿಯಿತು, ಗಿರಾಕಿಯೂ ಮುಗಿದ. ಈಗ ಕುಲುಮೆ ಉರಿಯುವುದು ವಾರಕ್ಕೊಮ್ಮೆ, ಅದೂ ಸರ್ಕಾರ ವರ್ಷವರ್ಷ ಕೊಡುವ ಸಹಾಯಧನದ ದೆಸೆಯಿಂದ. ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ದೇಶಕ್ಕೆಲ್ಲ ದೊಡ್ಡ ದೊಡ್ಡ ಉಕ್ಕಿನ ಕಾರ್ಖಾನೆಗಳು ಬರುತ್ತಿವೆ ಎಂದು ನಾವು ಪತ್ರಿಕೆಯವರು ದಿನಾ ಬರೆಯುತ್ತೇವೆ. ಇಂಥ ಮುದಿ ಕಾರ್ಖಾನೆಯ ಗತಿ ಏನೆಂದು ಯಾರೂ ಬರೆಯುವುದಿಲ್ಲ. ನಾನೂ ಬರೆದವನಲ್ಲ.

ಮುಚ್ಚಿದರೆ ತಪ್ಪೇನು ಎನ್ನುವವರೂ ಇದ್ದಾರೆ, ಅವರ ಮಾತು ತೆಗೆದುಹಾಕುವಂಥದ್ದಲ್ಲ. ಬೇಗೂರಿನ ಶಾಂತಮಲ್ಲಪ್ಪನವರು ಕಬ್ಬು ಬೆಳೆಯುವ ಗಟ್ಟಿ ಕುಳ. ಹೋದ ವರ್ಷ ಹೊರಗಿನಿಂದ ರೈಲಿನಲ್ಲಿ ಬಂದ ಹಗುರ ಗಾಣವನ್ನು ಕೊಂಡರು. "ನಮ್ಮೋರ ಗಾಣ ಅಂತ ಎತ್ತಿಗ್ ಗೊತ್ತಾದದಾ ಸ್ವಾಮಿ? ಅದ್ಕ ಹಗುರಾಗಿರೋದು ಬೇಕು," ಎಂದು ನನ್ನನ್ನೇ ಕೇಳಿದರು. ಕೊಳ್ಳುವವನೇ ಬೆನ್ನು ತಿರುಗಿಸಿದ ಮೇಲೆ ಸರ್ಕಾರ ಸುರಿಯುವ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಲ್ಲವೇ? ಹಾಗೆಂದುಕೊಂಡೇ ನಾನು ಇಲ್ಲಿಗೆ ಬಂದವನು. ಆದರೆ ಗುಂಡಿಯೊಳಗೆ ತುಳಿಯುತ್ತಿರುವ ಆ ಕಾಲುಗಳನ್ನು ನೋಡಿಕೊಂಡು ಅದೇ ಮಾತನ್ನು ಹೇಳಲು ಬಾಯಿ ಬರುವುದಿಲ್ಲ.

ಹೋದ ತಿಂಗಳು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಸಹಾಯಧನ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಕಣ್ಣಾರೆ ನೋಡಿ ಹೇಳುವುದು ಅವರ ಕೆಲಸ. ಆಗ ನಡೆದ ಎಡವಟ್ಟನ್ನು ಕೇಳಿದರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ದೊಡ್ಡವರು ಮನೆಗೆ ಬರುತ್ತಾರೆಂದರೆ ನಮ್ಮ ಕಡೆಯವರು ಏನು ಮಾಡುತ್ತಾರೆ? ಮನೆಯ ಕಸ ಹೊಡೆದು, ನೆಲ ಸಾರಿಸಿ, ರಂಗೋಲಿ ಬಿಟ್ಟು, ಮೈ ತೊಳೆದು ಕೈ ಕಟ್ಟಿ ನಿಲ್ಲುತ್ತಾರೆ. ಇವರೂ ಅದನ್ನೇ ಮಾಡಿದರು. ಅಂದು ಎರಕದ ದಿನವಾದರೂ ಕುಲುಮೆ ಆರಿಸಿ ಬೂದಿ ತೆಗೆದರು. ಹೊಯ್ಯಬೇಕಿದ್ದ ಅಚ್ಚುಗಳನ್ನು ಮೂಲೆಗೆ ಸರಿಸಿ ಗೋಣಿ ಹೊದಿಸಿದರು. ಕುಲುಮೆಗೆ ವಿಭೂತಿ ಬಳಿದು ಹೂವು ಮುಡಿಸಿದರು. ನೆಲ ಸಾರಿಸೋಣವೆಂದು ಮೊದಲು ಹೇಳಿದವಳೂ ಸಾರಿಸಿದವಳೂ ರಾಚಮ್ಮನೇ.

ಅಧಿಕಾರಿ ಬಂದು ನೋಡಿದ್ದು ಏನನ್ನು? ತಣ್ಣಗಿರುವ ಕುಲುಮೆ, ಒಗೆದ ಬಟ್ಟೆ ಉಟ್ಟು ಸುಮ್ಮನೆ ನಿಂತ ಆಳುಗಳು. "ಇಲ್ಲಿ ಕೆಲಸವೇ ಇಲ್ಲವೇ?" ಎಂದು ಕೇಳಿದರಂತೆ. ಮ್ಯಾನೇಜರ್ ಗುರುಪಾದಸ್ವಾಮಿಯವರು ಗಾಬರಿಯಲ್ಲಿ "ತಮಗೋಸ್ಕರ ನಿಲ್ಲಿಸಿದ್ದೇವೆ" ಎಂದರಂತೆ. ಅಧಿಕಾರಿಯ ಮುಖ ಬಿಗಿಯಿತು. ಹಾರ ಹಾಕಿಸಿಕೊಳ್ಳದೆ ಜೀಪು ಹತ್ತಿ ಗುಂಡ್ಲುಪೇಟೆಗೆ ಹೊರಟುಹೋದರು.

"ಸಾರ್ಸಿದ್ ಕೈ ನಂದು. ನಾನೇ ಹೋಗಿ ಹೇಳ್ಬುಡ್ತೀನಿ ಅಂದಿ," ಎನ್ನುತ್ತಾಳೆ ರಾಚಮ್ಮ. ಮಾರನೆಯ ದಿನ ಎರಕದ ಮೇಸ್ತ್ರಿ ನಂಜಯ್ಯನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಅಧಿಕಾರಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದರು. ಅವರು ಬರುವ ತನಕ ಇಬ್ಬರೂ ಗುಂಡ್ಲುಪೇಟೆಯಲ್ಲಿ ಅವರು ಇಳಿದಿದ್ದ ಸರ್ಕಾರಿ ಬಂಗಲೆಯ ಮೆಟ್ಟಿಲ ಮೇಲೆ ಕುಳಿತರು.

ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಕಥೆ ಕೇಳಿ ನಕ್ಕರು, ಕಾಫಿ ಕೊಡಿಸಿದರು. ಆಮೇಲೆ ಹೇಳಿದರಂತೆ: "ಕುಲುಮೆ ಯಾಕೆ ಆರಿತ್ತು ಅಂತ ಈಗ ಗೊತ್ತಾಯ್ತಮ್ಮ. ಆದರೆ ಉರೀತಿದ್ದರೂ ನನ್ನ ಪ್ರಶ್ನೆ ಅದೇ. ಸರ್ಕಾರದ ಗಂಟು ಒಂದೇ. ಕಾರ್ಖಾನೆಗೆ ಕೊಟ್ಟರೆ ಅಷ್ಟು ಕುಡಿಯೋ ನೀರಿನ ಬಾವಿ ಮುಂದಕ್ಕೆ ಹೋಗುತ್ತೆ. ನಿಮ್ಮ ಕೇರೀಲಿ ಬಾವಿ ಇದೆಯಾ?"

"ಇಲ್ಲ ಸಾಮಿ. ನಮ್ಮವ್ವ ಈಗ್ಲೂವೆ ಕೊಡ ಹೊತ್ಕಂಡು ನೀರ್ಗ ಕಟ್ಟಗೋಯ್ತಾಳ."

"ಹಾಗಾದರೆ ನೀನೇ ಹೇಳು. ಯಾವುದು ಮೊದಲು?"

ರಾಚಮ್ಮ ಹೇಳಿದ್ದು ಒಂದೇ ಮಾತು. "ನೀರೇ ಸಾಮಿ."

ಈ ಭಾಗ ಹೇಳುವಾಗ ಆಕೆಯ ಕಾಲು ಗುಂಡಿಯಲ್ಲಿ ನಿಂತುಬಿಡುತ್ತದೆ. "ಅವ್ವನ್ ತಲ ಮ್ಯಾಲಿನ್ ಕೊಡ ಕಣ್ಮುಂದ ಬಂದ್ಬುಡ್ತು. ಇನ್ನೊಂದ್ ಮಾತ ಹೆಂಗಾಡನ?"

ಬಂಗಲೆಯ ಗೇಟು ದಾಟಿದ್ದೇ ನಂಜಯ್ಯ ಸಿಡಿದನಂತೆ: "ಕೂತಿದ್ ಕೊಂಬನೇ ಕಡ್ದ್ಬುಟ್ಟಲ್ಲಮ್ಮಿ!" ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕುಳಿತ. ಅಂದಿನಿಂದ ಆಕೆ ಹದ ಮಾಡಿದ ಮಣ್ಣಿನಲ್ಲೇ ಅಚ್ಚು ಕಟ್ಟುತ್ತಾನೆ, ಆದರೆ ಮಾತಿಲ್ಲ. ನನ್ನೆದುರು ಮಾತ್ರ ಗೊಣಗುತ್ತಾನೆ. "ಸುಳ್ಳ ಹೇಳು ಅಂತ ನಾನೂ ಅಂದಿಲ್ಲ ಸಾಮಿ. ಸುಮ್ಕಿದ್ದಿದ್ರಾಗ್ತಿತ್ತು. ಈ ವಯಸ್ನಲ್ಲಿ ನಾನ್ ಎಲ್ಲಿಗೋಗ್ಲಿ? ಎರಕ ಬುಟ್ರ ನಂಗೇನ್ ಗೊತ್ತದ?"

ಬೆಂಗಳೂರಿನಿಂದ ಇನ್ನೂ ಏನೂ ಬಂದಿಲ್ಲ. ಬೆಳಗ್ಗೆ ಗುರುಪಾದಸ್ವಾಮಿಯವರು ಸೈಕಲ್ ಇಳಿಯುವಾಗ ಎಲ್ಲರ ಕಣ್ಣೂ ಅವರ ಮುಖದ ಮೇಲೆ. ಕಾಗದ ಬಂದಿಲ್ಲವೆಂದು ಅವರು ತಲೆಯಾಡಿಸಿ ಒಳಗೆ ಹೋದ ಮೇಲೆಯೇ ಕೈಗಳು ಕೆಲಸಕ್ಕೆ ಇಳಿಯುವುದು. ಇವತ್ತು ಎರಕದ ದಿನ. ಕುಲುಮೆ ಭುಸುಗುಡುತ್ತಿದೆ. ನಂಜಯ್ಯ ಕೆಂಡಗೆಂಪು ಕಬ್ಬಿಣವನ್ನು ಅಚ್ಚಿನ ಬಾಯಿಗೆ ಹೊಯ್ಯುತ್ತಾನೆ. ಅಚ್ಚಿನ ಮೈಯಿಂದ ನೀಲಿ ಉರಿಯ ಸಣ್ಣ ನಾಲಗೆಗಳು ಏಳುತ್ತವೆ. ರಾಚಮ್ಮ ಉಸಿರು ಬಿಗಿಹಿಡಿದು ನೋಡುತ್ತಾಳೆ. ಕಬ್ಬಿಣ ಉಗಿಯುವುದಿಲ್ಲ. ಸದ್ದಿಲ್ಲದೆ ತುಂಬುತ್ತದೆ. ನಂಜಯ್ಯ ಆಕೆಯತ್ತ ತಿರುಗಿಯೂ ನೋಡುವುದಿಲ್ಲ.

ಹಾಗಾದರೆ ನೀನು ಹೇಳಿದ್ದು ತಪ್ಪೆಂದು ನಿನಗೂ ಅನ್ನಿಸುತ್ತದೆಯೇ ಎಂದು ಹೊರಡುವ ಮುಂಚೆ ಕೇಳುತ್ತೇನೆ. ರಾಚಮ್ಮ ಕೈಯ ಮಣ್ಣನ್ನು ಉಜ್ಜಿ ಉಜ್ಜಿ ತೆಗೆಯುತ್ತಾಳೆ.

"ತಪ್ಪಲ್ಲ ಸಾಮಿ. ಅರ್ದ ಮಾತು. ಬತ್ತಾ ತೆರಕಣಾಂಬಿ ತಾವು ಬಸ್ನಲ್ಲಿ ಮಿಕ್ಕಿದ್ದು ಹೊಳೀತು. ಅಷ್ಟೊತ್ಗ ಆ ಸಾಮಿನೂ ಬೆಂಗ್ಳೂರ್ಗ ಹೊಂಟಿದ್ರು."

ಏನದು ಮಿಕ್ಕಿದ್ದು?

"ಬಾವಿ ತೋಡಿಸ್ಲಿ. ಊರೂರ್ಗೂ ತೋಡಿಸ್ಲಿ. ಬಾವಿಗ ರಾಟ ಬ್ಯಾಡ್ವಾ? ಅದ್ನ ನಮ್ಮತ್ರ ಎರೆಸ್ಲಿ. ಪುಕ್ಕಟ ಕಾಸು ಯಾಕ ಕೊಡ್ಬೇಕು?"

ರಾಟೆಗಳನ್ನೇ ನಂಬಿ ಒಂದು ಕಾರ್ಖಾನೆ ಬದುಕೀತೇ? ಅದೂ ಹೊರಗೆ ಅಗ್ಗಕ್ಕೆ ಸಿಗುವುದಿಲ್ಲವೇ? ಈ ಪ್ರಶ್ನೆಗಳು ನನ್ನ ನಾಲಗೆಯ ತುದಿಗೆ ಬಂದು ನಿಲ್ಲುತ್ತವೆ. ನಿನ್ನ ವಿಷಯ ಪತ್ರಿಕೆಯಲ್ಲಿ ಬರುತ್ತದೆ, ಓದುವವರಿಗೆ ಏನಾದರೂ ಹೇಳುವುದಿದೆಯೇ ಎಂದಷ್ಟೇ ಕೇಳುತ್ತೇನೆ.

"ನನ್ ವಿಚಾರ ಏನೂ ಬರೀಬ್ಯಾಡಿ ಸಾಮಿ," ಎನ್ನುತ್ತಾಳೆ ರಾಚಮ್ಮ. "ಮಿಕ್ಕಿದ್ ಆ ಅರ್ದ ಮಾತೊಂದ ಬರ್ದ್ಬುಡಿ. ಆ ಸಾಮಿ ಪೇಪರ್ ಓದ್ತಾರಲ್ವಾ?"