ನೆಲ ಮುಟ್ಟದ ರಾಜ

ನಮ್ಮ ಭಾವನನ್ನು ಬೀದಿಯವರೆಲ್ಲ ‘ದೊರೆ’ ಎನ್ನುತ್ತಾರೆ. ತಮಾಷೆಗೆ ಇಟ್ಟ ಹೆಸರನ್ನು ಅವರು ಬಿರುದೆಂದೇ ಸ್ವೀಕರಿಸಿಬಿಟ್ಟರು. ಪಾತ್ರೆ ಅಂಗಡಿಯ ಮಹಡಿಯಲ್ಲಿರುವ ಪುಟ್ಟ ಗೊಂಬೆಯಾಟದ ಮನೆಯಲ್ಲಿ ರಾಜನ ಗೊಂಬೆ ಆಡಿಸುವವರು ಅವರು. ಉಳಿದ ಗೊಂಬೆಗಳನ್ನೆಲ್ಲ ಅಕ್ಕ ಆಡಿಸುತ್ತಾಳೆ, ಬಟ್ಟೆ ಹೊಲಿಯುತ್ತಾಳೆ, ಹೆಣ್ಣುದನಿಗಳನ್ನೆಲ್ಲ ನುಡಿಯುತ್ತಾಳೆ. ಆದರೂ ಬೋರ್ಡಿನ ಮೇಲೆ ಭಾವನ ಹೆಸರೊಂದೇ. ಪರದೆ ಎಳೆಯುವ ನನ್ನ ಹೆಸರು ಏಕಿಲ್ಲವೆಂದು ಒಮ್ಮೆ ಕೇಳಿದ್ದಕ್ಕೆ, “ಪರದೆ ಹೆಸರೂ ಇಲ್ವಲ್ಲಯ್ಯ” ಎಂದು ಸಮಾಧಾನ ಹೇಳಿದ್ದರು.

ರಾಜನನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅಕ್ಕ ಅದರ ದೂಳು ಒರೆಸುವುದಾದರೂ ಭಾವ ಪಕ್ಕದಲ್ಲಿ ನಿಂತಿರಬೇಕು.

ಆ ಸಂಜೆ ಕಟ್ಟಡದ ಯಜಮಾನಿ ಮುಂದಿನ ಸಾಲಿನಲ್ಲೇ ಬಂದು ಕೂತರು. ಇತ್ತೀಚೆಗೆ ರಾಜ ಮಂಡಿ ಕುಸಿದು ನಡೆಯುತ್ತಾನೆಂಬ ದೂರು ಅವರ ಕಿವಿಗೆ ಬಿದ್ದಿತ್ತು. “ಇವತ್ತು ನಾನೇ ನೋಡ್ತೀನಿ. ಆಟ ನೆಟ್ಟಗಿದ್ರೆ ಜಾಗ ನಿಮ್ಮದು. ಇಲ್ಲಾಂದ್ರೆ ಬೇರೆಯವರು ಕಾಯ್ತಿದ್ದಾರೆ” ಎಂದು ಮೆಟ್ಟಿಲಲ್ಲೇ ಹೇಳಿದ್ದರು.

ಮಂಡಿ ಕುಸಿಯುತ್ತಿದ್ದುದು ನಿಜ. ಭಾವನ ಬಲಭುಜ ಹಿಡಿದುಕೊಂಡು ಕೈ ಎದೆಗಿಂತ ಮೇಲೇಳುತ್ತಿರಲಿಲ್ಲ. ಕೈ ಏಳದಿದ್ದರೆ ದಾರ ಸಡಿಲ, ದಾರ ಸಡಿಲವಾದರೆ ರಾಜ ಮೆತ್ತಗೆ. ಆದರೆ ದೊರೆಗೆ ಭುಜನೋವು ಬರುವುದುಂಟೇ! ಯಾರಿಗೂ ಹೇಳದೆ ಮಧ್ಯಾಹ್ನ ರಾಜನ ದಾರಗಳನ್ನೆಲ್ಲ ಗೇಣುದ್ದ ಮೋಟು ಮಾಡಿ ಕಟ್ಟಿಬಿಟ್ಟಿದ್ದರು, ಕೈ ತಗ್ಗಿಸಿಕೊಂಡೇ ಆಡಿಸಬಹುದೆಂದು. ಅತ್ತ ಅಕ್ಕ, ಗಂಡನ ಮಾನ ಉಳಿಸಲೆಂದು, ರಂಗದ ಮೇಲಿನ ಅಟ್ಟದಲ್ಲಿ ಅವರು ನಿಲ್ಲುವ ಜಾಗಕ್ಕೆ ದಪ್ಪನೆಯ ಮರದ ತುಂಡು ಹಾಕಿಸಿದ್ದಳು. ಕಾಲು ಎತ್ತರಕ್ಕೆ ಹೋದರೆ ಕೈ ಎತ್ತುವ ಕಷ್ಟ ತಪ್ಪುತ್ತದಲ್ಲ! ಭಾವ ಕೇಳಿದ್ದಕ್ಕೆ, ಹಲಗೆ ಬಿರುಕು ಬಿಟ್ಟಿತ್ತು ಎಂದುಬಿಟ್ಟಳು. ಅದನ್ನು ಹಾಕಿದವನು ನಾನು. ಸುಮ್ಮನೆ ಇಡೆಂದಿದ್ದಳು, ಕೆಲಸ ಅಚ್ಚುಕಟ್ಟಾಗಿರಲೆಂದು ಮೊಳೆಯನ್ನೂ ಹೊಡೆದಿದ್ದೆ.

ಹೀಗೆ ಗಂಡ ಹೆಂಡತಿ ಒಬ್ಬರಿಗೊಬ್ಬರು ತಿಳಿಸದೆ ಒಂದೇ ಕಾಯಿಲೆಗೆ ಎರಡು ಔಷಧ ಕೊಟ್ಟಿದ್ದರು. ಪರದೆ ಎಳೆದೆ. ರಾಜ ನೆಲದಿಂದ ಗೇಣು ಮೇಲೆ ತೇಲುತ್ತ ಬಂದ.

ಯಾರೋ ಕಿಸಕ್ಕೆಂದರು. ಯಜಮಾನಿ ನಗಲಿಲ್ಲ.

“ರೀ, ಇಳಿಸ್ರೀ!” ಅಕ್ಕ ಪಿಸುಗುಟ್ಟಿದಳು.

“ಇಳೀತಿಲ್ಲ ಕಣೇ.” ಕೈ ಆಗಲೇ ಪೂರ್ತಿ ತಗ್ಗಿತ್ತು. ತುಂಡಿನಿಂದ ಇಳಿಯೋಣವೆಂದರೆ ಪಕ್ಕದಲ್ಲಿ ಅಕ್ಕ, ಮಂಡಿ ಮಡಿಸೋಣವೆಂದರೆ ಮುಂದೆ ಅಡ್ಡಹಲಗೆ, ಹಿಂದೆ ಗೋಡೆ. ಬಾಗೋಣವೆಂದರೆ ರಾಜನ ನೆತ್ತಿಯ ಮೇಲೆ ಭಾವನ ಬೋಳುತಲೆ ಚಂದ್ರನಂತೆ ಉದಯಿಸುತ್ತದೆ. “ಈ ತುಂಡು ನಿಜವಾಗಿ ಯಾಕೆ ಹಾಕ್ಸಿದೆ ಹೇಳು.”

“ನಿಮ್ಮ ಭುಜಕ್ಕೆ.”

“ನನ್ನ ಭುಜಕ್ಕೇನಾಗಿದೆ?”

“ದಾರ ಯಾಕೆ ಮೋಟಾಗಿದೆ, ಅದನ್ನ ಹೇಳಿ ಮೊದಲು.”

ಅಕ್ಕ ನನ್ನ ಕಡೆ ತಿರುಗಿದಳು.

“ಲೋ, ಆ ತುಂಡು ಎಳಿಯೋ!”

ನಾನು ಏಣಿ ಹತ್ತಿ ಎಳೆದೆ. “ಬರ್ತಿಲ್ಲಕ್ಕ. ಮೊಳೆ ಹೊಡೆದಿದೀನಿ.”

“ಹುಟ್ಟಿದಾಗಿಂದ ಒಂದೇ ಒಂದು ಕೆಲಸ ಗಟ್ಟಿಯಾಗಿ ಮಾಡಿದೀಯ. ಅದೂ ಇವತ್ತು!”

ಮುಂದಿನ ದೃಶ್ಯದಲ್ಲಿ ರಾಜ ರಂಗದ ಉದ್ದಕ್ಕೂ ನಡೆದು ಹೋಗಿ, ಬಡ ಅಜ್ಜಿಯೊಬ್ಬಳ ಕ್ಷಮೆ ಕೇಳಬೇಕು. ತೇಲುವವನು ನಡೆಯುವುದೆಲ್ಲಿ? ಅಕ್ಕ ಭಾವನಿಗಿಂತ ಕುಳ್ಳಿ. ಅವಳ ಕಾಲ ಕೆಳಗೆ ತುಂಡೂ ಇರಲಿಲ್ಲ. ಅವಳು ಅಜ್ಜಿಯನ್ನು ಗುಡಿಸಲ ಮುಂದೆ ಕೂರಿಸಿ, ದಾರವನ್ನು ಕೊಕ್ಕೆಗೆ ಸಿಕ್ಕಿಸಿ, ಕೈ ಚಾಚಿದಳು.

“ಕೊಡಿ ಇಲ್ಲಿ.”

ಭಾವ ದಾರದ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಕೆಳಗೆ ರಾಜ ಗಾಳಿಯಲ್ಲಿ ಮೆಲ್ಲಗೆ ತಿರುಗಿ, ಜನಕ್ಕೆ ಬೆನ್ನು ತೋರಿಸಿದ. ಮುಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಯಜಮಾನಿ ಕೈಚೀಲವನ್ನು ಮಡಿಲಿಗೆ ಎತ್ತಿಕೊಂಡದ್ದು ನನಗೆ ಪರದೆಯ ಸಂದಿಯಲ್ಲಿ ಕಂಡಿತು.

“ಕೊಡ್ರೀ. ನಾನೇನು ತಿಂದ್ಬಿಡ್ತೀನಾ ಅವನನ್ನ?”

ಭಾವ ಕೊಟ್ಟರು. ಹಸುಗೂಸಿನ ಕುತ್ತಿಗೆಗೆ ಆಸರೆ ಹಿಡಿದಂತೆ ಹಿಡಿಯ ಅಡಿಗೆ ಕೈಯಿಟ್ಟು ಕೊಟ್ಟರು.

ಟಕ್. ರಾಜನ ಮರದ ಪಾದ ನೆಲ ಮುಟ್ಟಿತು. ಅವನು ತಿರುಗಿದ, ನಿಂತ, ನಡೆದ. ದನಿ ಮಾತ್ರ ಭಾವನದೇ. ಖಾಲಿ ಕೈಗಳು ಕತ್ತಲಲ್ಲಿ ತಮ್ಮ ಪಾಡಿಗೆ ತಾವು ಇಲ್ಲದ ದಾರ ಎಳೆಯುತ್ತಿದ್ದವು. “ತಪ್ಪಾಯ್ತು ತಾಯಿ” ಎಂಬಲ್ಲಿ ದನಿ ತಗ್ಗಿತು. ಹಿಂದೆಂದೂ ಅವರು ಆ ಮಾತನ್ನು ಅಷ್ಟು ಮೆಲ್ಲಗೆ ಹೇಳಿದ್ದಿಲ್ಲ.

ಆಟ ಮುಗಿದ ಮೇಲೆ ಯಜಮಾನಿ ಪರದೆಯ ಹಿಂದೆಯೇ ಬಂದರು. “ಮೊದಲು ಗಾಳೀಲಿದ್ದ. ಆಮೇಲೆ ಎಷ್ಟು ಚೆನ್ನಾಗಿ ನಡೆದ! ಏನು ಮಾಡಿದ್ರಿ?”

ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಭಾವ ಎದೆಯುಬ್ಬಿಸಿದ್ದನ್ನು ಕಂಡು ನಾನು ಕಣ್ಣು ಮುಚ್ಚಿಕೊಂಡೆ.

“ಗಾಳೀಲಿದ್ದಾಗ ನನ್ನ ಕೈಲಿದ್ದ” ಎಂದರು ಭಾವ. “ನಡೆಸಿದ್ದು ಇವಳು. ನನಗೆ ಕೈ ಏಳಲ್ಲಮ್ಮ.”

ಯಜಮಾನಿ ಅಕ್ಕನನ್ನು ನೋಡಿದರು. “ಹಾಗಾದ್ರೆ ರಾಜ ಅವರ ಕೈಲೇ ಇರಲಿ, ಜಾಗ ನಿಮ್ಮ ಕೈಲೇ ಇರಲಿ. ಮುಂದಿನ ವಾರವೂ ಬರ್ತೀನಿ.” ಇಳಿದು ಹೋದರು.

“ನಿನಗೆ ಯಾವಾಗ ಗೊತ್ತಾಯ್ತೇ?” ಭಾವ ಅಕ್ಕನನ್ನು ಕೇಳಿದರು.

“ಬಲಗೈನ ಎಡಗೈಲಿ ಎತ್ತಿ ಅಂಗಿಗೆ ತೂರಿಸೋಕೆ ಶುರು ಮಾಡಿದ್ರಲ್ಲ, ಆವಾಗ್ಲೇ.”

ಭಾವ ಕುರ್ಚಿ ಎಳೆದು ರಂಗದ ಮುಂದೆ, ಜನ ಕೂರುವ ಕಡೆ, ಕೂತರು. “ಸರಿ, ಹತ್ತು ಮೇಲೆ. ಇನ್ನೊಂದ್ಸಲ ನಡೆಸು, ನೋಡೋಣ. ರಾಜ ಅಂದ್ರೆ ಹಾಗೆ ತರಕಾರಿ ತರೋಕೆ ಹೊರಟವನ ಥರ ನಡೀತಾನಾ?”

“ನೀವು ಯಾವತ್ತು ತರಕಾರಿ ತಂದಿದ್ರಿ, ಆ ನಡಿಗೆ ಗೊತ್ತಾಗೋಕೆ?” ಎನ್ನುತ್ತ ಅಕ್ಕ ಏಣಿ ಹತ್ತಿದಳು.