ಎರಡು ಸುತ್ತು ಓಡಬೇಕಿದ್ದ ಕಾರು

ನನ್ನ ಕೆಲಸವೇ ಹೆದರುವುದು. ಎಣ್ಣೆ, ರಾಸಾಯನಿಕಗಳ ಕಾರ್ಖಾನೆಗಳೇ ತುಂಬಿರುವ ಜುರಾಂಗ್ ಐಲ್ಯಾಂಡಿನ ಒಂದು ಕಾರ್ಖಾನೆಯಲ್ಲಿ ನಾನು ಸುರಕ್ಷತೆ ನೋಡಿಕೊಳ್ಳುವ ಎಂಜಿನಿಯರು. ಎಲ್ಲಿ ಸೋರಬಹುದು, ಎಲ್ಲಿ ಹತ್ತಿಕೊಳ್ಳಬಹುದು, ಯಾರು ಯಾವ ಏಣಿಯಿಂದ ಬೀಳಬಹುದು ಎಂದು ಮುಂಚಿತವಾಗಿ ಹೆದರಿ, ಆ ಹೆದರಿಕೆಯನ್ನು ಫಾರಂನಲ್ಲಿ ತುಂಬಿ ಸಹಿ ಹಾಕುತ್ತೇನೆ. ಅದಕ್ಕೆ ಸಂಬಳ ಕೊಡುತ್ತಾರೆ. ಸಂಜೆ ಕಂಪನಿ ಬಸ್ಸಿನಲ್ಲಿ ಮನೆಗೆ ಬಂದ ಮೇಲೆ ಪುಕ್ಕಟೆಯಾಗಿ ಹೆದರುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡಲು ಕಟ್ಟಡದ ಬುಡದ ವಾಯ್ಡ್ ಡೆಕ್ಕಿನಿಂದ ಹನ್ನೆರಡನೇ ಮಹಡಿಗೆ ಎಷ್ಟು ಸಲ ವಾಪಸು ಹೋಗಿದ್ದೇನೋ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮದುವೆಯೊಂದಿತ್ತು, ಅದು ಮುಗಿದು ಒಂಬತ್ತು ವರ್ಷವಾಯಿತು. ಆಕೆ ಹೊರಡುವಾಗ ಹೇಳಿದ ಕಾರಣಗಳಲ್ಲಿ ಗ್ಯಾಸಿನ ವಿಚಾರವೂ ಇತ್ತು.

ಹೀಗಿರುವ ನನಗೆ ಮನುಷ್ಯರ ಸಹವಾಸವೆಂದರೆ ಶನಿವಾರ ಮಾತ್ರ. ಉಬಿಯಲ್ಲಿ ಸಾಲು ಗ್ಯಾರೇಜುಗಳಿರುವ ಕಟ್ಟಡದ ಕೆಳಮಹಡಿಯಲ್ಲಿ ಗೆಳೆಯನೊಬ್ಬ ಅರ್ಧ ಶೆಡ್ಡು ಬಾಡಿಗೆಗೆ ಹಿಡಿದಿದ್ದಾನೆ. ಗೆಳೆಯ ಎನ್ನುವುದು ನನ್ನ ಮಾತು. ಅವನು ಹಾಗೆ ಹೇಳುತ್ತಾನೋ ಇಲ್ಲವೋ ತಿಳಿಯದು. ಮೈಸೂರಿನವನು, ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಕನ್ನಡದವರ ಒಂದು ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ. ಹಳೇ ಕಾರೊಂದನ್ನು ರಿಪೇರಿ ಮಾಡ್ತಿದೀನಿ ಎಂದ. ಬೆಂಕಿ ಆರಿಸುವ ಸಿಲಿಂಡರ್ ಇಟ್ಟಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದ. ಮುಂದಿನ ಶನಿವಾರ ನಾನೇ ಒಂದನ್ನು ಹೊತ್ತುಕೊಂಡು ಹೋದೆ. ಆಮೇಲೆ ಮೂರು ವರ್ಷ ಹೋಗುತ್ತಲೇ ಇದ್ದೆ.

ಕಾರು ಅರವತ್ತರ ದಶಕದ್ದು, ಇಂಗ್ಲೆಂಡಿನದು, ಇಬ್ಬರೇ ಕೂರಬಹುದಾದದ್ದು, ತಲೆಯ ಮೇಲೆ ಸೂರಿಲ್ಲದ್ದು. ನನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಅವನು ಅಡಿಯಲ್ಲಿ ಮಲಗಿ ಕೆಲಸ ಮಾಡುವಾಗ ನಾನು ಟಾರ್ಚು ಹಿಡಿದು, 'ಜ್ಯಾಕ್ ಸರಿಯಾಗಿ ನಿಂತಿದೆ ತಾನೇ?' ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದೆ.

"ನಿಂತಿದೆ ಸರ್. ನೀವು ಕೇಳಿ ಕೇಳಿ ಅದಕ್ಕೇ ಡೌಟ್ ಬರೋ ಹಾಗಿದೆ."

ಅವನ ಹೆಂಡತಿ ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ ತಂದು ಬಾಗಿಲಲ್ಲೇ ನಿಂತು, "ಈ ಕಾರಿಗೆ ಮಾಡಿರೋ ಸೇವೇಲಿ ಅರ್ಧ ನಂಗೆ ಮಾಡಿದ್ರೆ ನಾನೂ ಫಸ್ಟ್ ಕ್ಲಾಸ್ ಕಂಡೀಶನ್ನಲ್ಲಿ ಇರ್ತಿದ್ದೆ" ಎನ್ನುತ್ತಿದ್ದಳು. ಆ ಡಬ್ಬಿಯಲ್ಲಿ ನನಗೂ ಒಂದು ಪಾಲು ಇರುತ್ತಿತ್ತು. ಅದನ್ನು ನಾನು ವಾರವಿಡೀ ನೆನೆಯುತ್ತಿದ್ದೆ ಎಂದು ಅವರಿಗೆ ಹೇಳಿರಲಿಲ್ಲ.

ಅವನಿಗೆ ಬೇಕಿದ್ದದ್ದು ಒಂದೇ. ಹಳೆಯ ಅಪ್ಪರ್ ಥಾಮ್ಸನ್ ರಸ್ತೆಯಲ್ಲಿ ಎರಡು ಸುತ್ತು. ಕಾಡಿನ ಅಂಚಿನ ಆ ಡೊಂಕು ರಸ್ತೆಯಲ್ಲಿ ಒಂದು ಕಾಲಕ್ಕೆ ನಿಜವಾದ ಕಾರು ರೇಸು ನಡೆಯುತ್ತಿತ್ತು. ಆಮೇಲೆ ಅಪಾಯವೆಂದು ನಿಲ್ಲಿಸಿದರು. ನನ್ನಂಥ ಯಾರೋ ಫಾರಂ ತುಂಬಿರಬೇಕು. ಈಗ ಅಪರೂಪಕ್ಕೊಮ್ಮೆ ಭಾನುವಾರ ಬೆಳಿಗ್ಗೆ, ಪಕ್ಕದ ದೊಡ್ಡ ರಸ್ತೆಯನ್ನೂ ಸೇರಿಸಿ ಮುಚ್ಚಿ, ಹಳೇ ಕಾರುಗಳನ್ನು ಮತ್ತೆ ಓಡಲು ಬಿಡುತ್ತಾರೆ. ಅವನು ಎರಡು ಸಲ ಅರ್ಜಿ ಹಾಕಿ ಇಲ್ಲವೆನ್ನಿಸಿಕೊಂಡಿದ್ದ. ಮೂರನೆಯ ಸಲ ಸಿಕ್ಕಿತು. ಮತ್ತೆ ಸಿಗುವ ಭರವಸೆ ಇರಲಿಲ್ಲ.

ಹಿಂದಿನ ದಿನ, ಶನಿವಾರ ಸಂಜೆ, ಅವನು ಕೈ ತೊಳೆಯಲು ಹೋಗಿದ್ದ. ನನಗೆ ಪೆಟ್ರೋಲ್ ವಾಸನೆ ಬಂದ ಹಾಗಾಯಿತು. ಹಳೇ ಕಾರು, ಪೆಟ್ರೋಲ್ ವಾಸನೆ ಬಂದೇ ಬರುತ್ತದೆ. ಮೂರು ವರ್ಷದಿಂದ ಬರುತ್ತಿತ್ತು. ಆದರೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಗ್ಗಿ, ಟ್ಯಾಂಕಿನ ಕೆಳಗಿದ್ದ, ಎಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ಹಿತ್ತಾಳೆ ಟ್ಯಾಪನ್ನು ತಿರುಗಿಸಿ ಮುಚ್ಚಿದೆ. ಅವನು ಬಂದ ತಕ್ಷಣ ಹೇಳಬೇಕು ಎಂದುಕೊಂಡೆ. ಅವನು ಬಂದ. ಬೆಳಿಗ್ಗೆ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಮಾತು ಬಂತು. ಮಳೆ ಬಂದರೆ ಏನು ಗತಿ ಎಂದು ನಾನು ಕೇಳಿದೆ. ಆಮೇಲೆ ಮಳೆಯದೇ ಚಿಂತೆ.

ನಮ್ಮ ಐಲ್ಯಾಂಡಿನಲ್ಲಿ ಒಂದು ನಿಯಮವಿದೆ. ವಾಲ್ವ್ ಮುಚ್ಚಿದವನು ಅದಕ್ಕೆ ತನ್ನ ಹೆಸರಿನ ಚೀಟಿ ಕಟ್ಟಬೇಕು. ಮುಚ್ಚಿದವನೇ ಬಂದು ತೆರೆಯಬೇಕು. ಹೊಸಬರಿಗೆ ಈ ಪಾಠ ಹೇಳಿಕೊಡುವವನು ನಾನೇ. ಇಪ್ಪತ್ತು ವರ್ಷದಿಂದ, ಅದೇ ಸ್ಲೈಡುಗಳು, ಅದೇ ಜೋಕು.

ಭಾನುವಾರ ಮಳೆ ಬರಲಿಲ್ಲ. ಕಾರನ್ನು ಲಾರಿಯಿಂದ ಇಳಿಸಿ, ಎಂಜಿನ್ ಬಿಸಿಯಾಗದಿರಲಿ ಎಂದು ಕೈಯಿಂದಲೇ ತಳ್ಳಿಕೊಂಡು ಹೊರಡುವ ಗೆರೆಗೆ ತಂದೆವು. ಅವನ ಹೆಂಡತಿ ಟೆಕ್ಕಾ ಮಾರುಕಟ್ಟೆಯಿಂದ ತಂದಿದ್ದ ನಾಲ್ಕು ನಿಂಬೆಹಣ್ಣನ್ನು ನಾಲ್ಕು ಚಕ್ರದ ಕೆಳಗಿಟ್ಟಳು. ಕಿತ್ತಳೆ ಅಂಗಿಯ ಚೀನೀ ಸ್ವಯಂಸೇವಕನೊಬ್ಬ ಓಡಿಬಂದ.

"ಮೇಡಂ, ಫ್ರೂಟ್ ಆನ್ ದ ರೋಡ್, ಕೆನಾಟ್ ಲಾ."

"ನಾಟ್ ಫ್ರೂಟ್. ಪ್ರೇಯರ್!"

"ಪ್ರೇಯರ್ ಆಲ್ಸೋ ಕೆನಾಟ್."

ಅವಳು ಗೊಣಗುತ್ತ ನಿಂಬೆಹಣ್ಣುಗಳನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡಳು. ಅವನು ಹೆಲ್ಮೆಟ್ ಹಾಕಿಕೊಳ್ಳುತ್ತ ಫೋನನ್ನೂ ಅದೇ ಬ್ಯಾಗಿಗೆ ಹಾಕಿದ. ನನ್ನ ಕಡೆ ತಿರುಗಿ, "ಸರ್, ಜ್ಯಾಕ್ ಹಾಕಿಲ್ಲ ಇವತ್ತು. ಅದೊಂದ್ ಚಿಂತೆ ಬಿಡಿ" ಎಂದು ನಕ್ಕ.

ನಾವು ಮೂವರು, ನಾನು, ಅವಳು, ಅವರ ಏಳು ವರ್ಷದ ಮಗಳು, ತಡೆಬೇಲಿಯ ಆಚೆ ನಿಂತೆವು. ಹನ್ನೊಂದು ಕಾರು. ಬಾವುಟ ಬಿತ್ತು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ಕೇಳಿಸಿತು. ಕೆಂಪು, ಹಸಿರು, ನೀಲಿ, ಸಣ್ಣ ಸಣ್ಣ ಕಾರುಗಳು, ಪ್ರಾಯದ ಹುಡುಗರ ಹಾಗೆ ಒಂದನ್ನೊಂದು ಮೊಣಕೈಯಿಂದ ದಬ್ಬುತ್ತ ಹೋದವು. ನಮ್ಮದು ಏಳನೆಯದು. ಮಗಳು ಕುಣಿದಳು. ಬೇಲಿಯ ತುದಿಯಲ್ಲಿ ಕೂತಿದ್ದ ಕೋತಿ ಮರ ಹತ್ತಿತು.

ಕಾರುಗಳು ತಿರುವಿನಲ್ಲಿ ಮರೆಯಾದವು. ಹಿಂದೆ ಉಳಿದದ್ದು ಪೆಟ್ರೋಲಿನ ವಾಸನೆ.

ಆಗ ನನಗೆ ನೆನಪಾಯಿತು.

ಕಾರ್ಬೊರೇಟರಿನಲ್ಲಿ ಒಂದು ಲೋಟದಷ್ಟು ಪೆಟ್ರೋಲ್ ನಿಂತಿರುತ್ತದಂತೆ, ಅವನೇ ಹೇಳಿದ್ದ. ಟ್ಯಾಪು ಮುಚ್ಚಿದ್ದರೂ ಅಷ್ಟು ಮುಗಿಯುವವರೆಗೆ ಓಡುತ್ತದೆ. ನಾನು ಅವಳ ಬ್ಯಾಗು ನೋಡಿದೆ, ಫೋನು ಅದರಲ್ಲೇ. ಬೇಲಿಯುದ್ದಕ್ಕೂ ಓಡಿದೆ. ಐವತ್ತೆರಡನೇ ವಯಸ್ಸಿನಲ್ಲಿ, ಚಪ್ಪಲಿಯಲ್ಲಿ, ಅದನ್ನು ಓಟ ಎನ್ನಬಹುದಾದರೆ. ನಿಂಬೆಹಣ್ಣು ತೆಗೆಸಿದವನೇ ಅಡ್ಡ ಬಂದ.

"ಅಂಕಲ್, ಕೆನಾಟ್ ಕ್ರಾಸ್."

"ದ ಟ್ಯಾಪ್ ಈಸ್ ಕ್ಲೋಸ್ಡ್!" ಎಂದೆ.

"ಟಾಯ್ಲೆಟ್ ದಟ್ ಸೈಡ್, ಅಂಕಲ್."

ವಾಪಸು ಬಂದು ನಿಂತೆ. ಮೊದಲ ಸುತ್ತು ಮುಗಿಸಿ ಕಾರುಗಳು ಬಂದವು. ಮಗಳು ಬೆರಳು ಮಡಿಸಿ ಎಣಿಸಿದಳು. ಹತ್ತು. ಎರಡನೆಯ ಸುತ್ತಿನಲ್ಲೂ ಹತ್ತು. ಜನ ಚಪ್ಪಾಳೆ ತಟ್ಟಿದರು, ಯಾರಿಗೋ ಹಾರ ಬಿತ್ತು.

"ಅಮ್ಮಾ, ಅಪ್ಪನ್ ಕಾರ್ ಸ್ಪಾಯ್ಲ್ ಆಗೋಯ್ತು ಲಾ" ಎಂದಳು ಮಗಳು.

"ಬಾಯ್ ಮುಚ್ಚೇ." ಅವಳ ಕಣ್ಣು ತುಂಬಿತ್ತು. "ನಾನ್ ಅವತ್ತೇ ಅಂದೆ ಸರ್, ನಿಂಬೆಹಣ್ಣು ತೆಗೀಬಾರ್ದು ಅಂತ. ಆ ಕಿತ್ತಳೆ ಅಂಗಿಯವನ ಕಣ್ಣೇ ಬಿದ್ದಿದ್ದು."

ಅವತ್ತೇ ಎಂದರೆ ಅರ್ಧ ಗಂಟೆ ಹಿಂದೆ. ನಾನು ಹೌದು ಎಂಬಂತೆ ತಲೆಯಾಡಿಸಿದೆ. ನನ್ನ ಬಗ್ಗೆ ನನಗೆ ನಾಚಿಕೆಯಾದ ಸಂದರ್ಭಗಳು ಹಲವಾರಿವೆ. ಹಾಗೆ ತಲೆಯಾಡಿಸಿದ್ದು ಅವುಗಳಲ್ಲಿ ಬಹಳ ಮೇಲಿದೆ.

ಎಲ್ಲ ಮುಗಿದು, ಜನ ಕರಗುತ್ತಿದ್ದಾಗ ನಮ್ಮ ಕಾರು, ಯಾರೂ ಎಳೆಯದೆ, ತನ್ನ ಎಂಜಿನ್ನಿನಿಂದಲೇ ಓಡಿಕೊಂಡು ಬಂತು. ಉಳಿದಿದ್ದ ನಾಲ್ಕಾರು ಮಂದಿ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಅವನ ಬೆನ್ನೆಲ್ಲ ರಸ್ತೆಯ ಮಣ್ಣು. ಅಡಿಯಲ್ಲಿ ಮಲಗಿ ನೋಡಿದ್ದಾನೆ ಎಂದು ಗೊತ್ತಾಯಿತು. ನೋಡಿದ್ದರೆ ಟ್ಯಾಪು ಕಂಡಿರಲೇಬೇಕು.

"ಏನಾಯ್ತ್ರೀ?" ಎಂದಳು ಅವಳು.

"ಪೈಪಲ್ಲಿ ಕಸ ಸಿಕ್ಕಾಕೊಂಡಿತ್ತು. ಕ್ಲೀನ್ ಮಾಡ್ದೆ." ಅವನು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ.

"ಕಸ ಅಲ್ಲ, ನಿಂಬೆಹಣ್ಣು."

"ಆಯ್ತು, ನಿಂಬೆಹಣ್ಣು."

ಕಾರನ್ನು ಲಾರಿಗೆ ಏರಿಸಿ ಹಗ್ಗ ಬಿಗಿಯುವಾಗ ನಾವಿಬ್ಬರೇ ಇದ್ದೆವು. ಸುಮ್ಮನಿದ್ದರೆ ಆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ನಿಂಬೆಹಣ್ಣಿನ ಮೇಲೆ ಹಾಕಿ ಮನೆಗೆ ಹೋಗಬಹುದಿತ್ತು. ಆದರೆ ಹೇಳದೆ ಹೋದರೆ ಪ್ರತಿ ಶನಿವಾರ ಟಾರ್ಚು ಹಿಡಿದಾಗ ಬೆಳಕು ಮೊದಲು ಆ ಟ್ಯಾಪಿನ ಮೇಲೇ ಬೀಳುತ್ತದೆ ಎನ್ನಿಸಿತು.

"ಟ್ಯಾಪ್ ಮುಚ್ಚಿದ್ದು ನಾನು ಕಣಪ್ಪ. ನಿನ್ನೆ ಸಂಜೆ. ಹೇಳೋದ್ ಮರೆತೆ."

"ಗೊತ್ತು ಸರ್."

"ಗೊತ್ತಿದ್ದೂ ಬೈಲಿಲ್ಲ?"

"ಏನಂತ ಬೈಯ್ಲಿ? ನೀವ್ ಒಳ್ಳೇದಕ್ಕೇ ಮಾಡಿದ್ರಿ." ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದ. "ಎರಡ್ ಸುತ್ತು ಸರ್. ಎರಡೇ ಸುತ್ತು ಬೇಕಿತ್ತು ನಂಗೆ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡುವುದು, ಅಳುವುದು, ಕಾಲು ಹಿಡಿಯುವುದು ಎಲ್ಲಕ್ಕೂ ದಾರಿಯಿರುತ್ತದೆ. ಮರುವರ್ಷಕ್ಕೆ ಮತ್ತೆ ಅರ್ಜಿ ಹಾಕು, ಫಾರಂ ನಾನು ತುಂಬಿಕೊಡುತ್ತೇನೆ ಎಂದೆ. ಹ್ಞೂಂ ಎಂದ. ಲಾರಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ನಾನು ಬಸ್ಸಿಗೆ ಹೋಗುತ್ತೇನೆ ಎಂದೆ. ಅದಕ್ಕೂ ಹ್ಞೂಂ ಎಂದ.

ಮುಂದಿನ ಶನಿವಾರ ನಾನು ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಅವನೇ ಕರೆಯಲಿ ಎಂದು ಫೋನನ್ನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡಿದ್ದೆ. ಕರೆಯಲಿಲ್ಲ. ಮಧ್ಯಾಹ್ನ ಹಾಕರ್ ಸೆಂಟರಿಗೆ ಹೋಗಿ, ನಾಲ್ಕು ಜನರ ಮೇಜಿನಲ್ಲಿ ಒಬ್ಬನೇ ಕೂತು, ಈ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿಯಬಹುದೇ ಎಂದು ಹೆದರುತ್ತ ಊಟ ಮಾಡಿದೆ.

ಮೂರನೆಯ ಶನಿವಾರ ಧೈರ್ಯ ಮಾಡಿ ಹೋದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಅವನು ಕಾರಿನ ಅಡಿಯಲ್ಲಿದ್ದ. "ಬನ್ನಿ ಸರ್, ಬನ್ನಿ" ಎಂದು ಹೊರಗೆ ಜಾರಿಬಂದ. ಆ ಎರಡನೆಯ 'ಬನ್ನಿ' ಹೊಸದು. ಹಣೆಗೆ ಪಟ್ಟಿ ಕಟ್ಟಿ ಹಾಕಿಕೊಳ್ಳುವ ದೀಪವೊಂದು ಅವನ ತಲೆಯ ಮೇಲಿತ್ತು.

"ಟ್ಯಾಪ್ ತೆಗೆದೇಬಿಟ್ಟೆ ಸರ್. ಈಗ ಎಲೆಕ್ಟ್ರಿಕ್ ಸ್ವಿಚ್ಚು. ಕೀ ತೆಗೆದ್ರೆ ತಾನೇ ಆಫ್ ಆಗತ್ತೆ, ಕೀ ಹಾಕಿದ್ರೆ ತಾನೇ ಆನ್. ನಿಮ್ಗೂ ಟೆನ್ಶನ್ ಇಲ್ಲ, ನಂಗೂ ಇಲ್ಲ."

ಒಳ್ಳೆಯ ಕೆಲಸ. ಇಂಥದ್ದನ್ನೇ ನಾನು ನಮ್ಮ ಐಲ್ಯಾಂಡಿನಲ್ಲಿ ಸ್ಲೈಡು ಹಾಕಿ ಹೊಗಳುತ್ತೇನೆ: ಮನುಷ್ಯನ ಕೈ ತಾಗದಂತೆ ಮಾಡಿದರೆ ಮನುಷ್ಯನ ತಪ್ಪೂ ಇರುವುದಿಲ್ಲ. ಹಾಗೆಂದೇ ಹೇಳಿದೆ. ಅವನು ಖುಷಿಯಾದ. ಮೂಲೆಯಲ್ಲಿದ್ದ ಮಡಚುವ ಕುರ್ಚಿಯೊಂದನ್ನು ತಂದು ಬಾಗಿಲ ಹತ್ತಿರ, ಗಾಳಿ ಬರುವ ಕಡೆ, ಬಿಡಿಸಿ ಹಾಕಿ, ಅಂಗಿಯ ತೋಳಿನಿಂದ ಧೂಳು ಒರೆಸಿದ.

"ನೀವ್ ಆರಾಮಾಗಿ ಕೂತ್ಕೊಳ್ಳಿ ಸರ್."

ಮೂರು ವರ್ಷದಲ್ಲಿ ಅಲ್ಲಿ ನನಗೆ ಯಾರೂ ಕುರ್ಚಿ ಹಾಕಿರಲಿಲ್ಲ. ಅವನು ಹಣೆಯ ದೀಪ ಹೊತ್ತಿಸಿಕೊಂಡು ಮತ್ತೆ ಕಾರಿನ ಅಡಿಗೆ ಜಾರಿದ, ಟಾರ್ಚು ಕೇಳಲಿಲ್ಲ. ಕೂತುಕೊಂಡೆ.