ಕೋಡುಬಳೆ ಪೊಟ್ಟಣದ ಮೇಲಿನ ಹೆಸರು

ಉದ್ಯಮಿ ಎಂದರೆ ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ನಾನು ಬಾಯಿಪಾಠ ಮಾಡಿದ್ದು ಕಾದ ಎಣ್ಣೆಯ ಪಕ್ಕದಲ್ಲಿ ಕೂತು. ತೊಂಬತ್ತರ ದಶಕದ ನಡುವಿನ ಮಾತು. ನಂಜನಗೂಡಿನ ಅಕ್ಕನ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೆ. ಅಕ್ಕ ಹಿತ್ತಿಲಿನ ಶೀಟಿನ ಸೂರಿನ ಕೆಳಗೆ ಸೌದೆ ಒಲೆ ಹೂಡಿ ಕೋಡುಬಳೆ ಕರಿಯುತ್ತಿದ್ದಳು. ನಾನು ಹಿಟ್ಟನ್ನು ಎಳೆ ಹೊಸೆದು, ಬಳೆ ಮಾಡಿ ತಟ್ಟೆಗೆ ಜೋಡಿಸುತ್ತಾ, ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದೆ: "ಉದ್ಯಮಿ ಎಂದರೆ ಅವಕಾಶವನ್ನು ಗುರುತಿಸುವ, ಬಂಡವಾಳ ಮತ್ತು ಶ್ರಮವನ್ನು ಒಂದುಗೂಡಿಸುವ, ಅಪಾಯವನ್ನು ಹೊರಲು ಸಿದ್ಧನಿರುವ ವ್ಯಕ್ತಿ."

"ಅವ್ನು ಕೋಡ್ಬಳೆ ಕರೀತಾನಾ?" ಅಕ್ಕ ಕೇಳಿದಳು.

"ಇಲ್ಲ ಕಣಕ್ಕ, ಬೇರೆಯೋರ ಕೈಲಿ ಮಾಡಿಸ್ತಾನೆ."

"ಅಂಗಾದ್ರೆ ನಾನಲ್ಲ ಬುಡು. ಎಳೆ ದಪ್ಪ ಆಯ್ತಾ ಅದೆ, ಪುಸ್ತ್ಕ ಆ ಕಡೆ ಮಡಗಿ ಕೈ ನೋಡ್ಕೊ."

ಆ ಉದ್ಯಮಿ ಅವಳೇ ಆಗಿದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ ಅಷ್ಟೆ. ಹುಲ್ಲಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗಿ ನಂಜನಗೂಡಿಗೆ ಬಂದವಳು. ಭಾವ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದರು. ಕರೆದರೆ ಕೆಲಸ, ಕರೆಯದಿದ್ದರೆ ಜಗಲಿ. ಕೋಡುಬಳೆಯನ್ನು ಅಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೆಡಿಸಿ ಕೆಡಿಸಿ ಕಲಿತಳು. ಕೆಟ್ಟದ್ದನ್ನೆಲ್ಲ ನಾವೇ ತಿಂದೆವು. ಒಂದು ಸಲದ್ದನ್ನಂತೂ ಭಾವ ಕೈಯಲ್ಲಿ ಹಿಡಿದು ತೂಗಿ ನೋಡಿ, "ಇದ್ನ ಮಡಿಕ್ಕಳಮಿ, ಗ್ವಾಡೆಗೆ ಮೊಳೆ ಒಡಿಯಕ್ಕೆ ಆಯ್ತದೆ" ಎಂದರು. ಅಕ್ಕ ಸೌಟು ಎತ್ತಿಕೊಂಡು ಅಟ್ಟಿಸಿಕೊಂಡು ಹೋದಳು. ಆಮೇಲೆ ಯಾವತ್ತೋ ಒಂದು ದಿನ ಕೈ ಕೂತಿತು. ಹಿಟ್ಟಿಗೆ ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು ರುಬ್ಬಿ ಹಾಕುವ ಹದ, ಕಾದ ಎಣ್ಣೆ ಸುರಿದು ಕಲಸುವ ಹದ, ಉರಿ ತಗ್ಗಿಸಿ ಕಾಯುವ ಹದ. ಮುರಿದರೆ ಪಟ್ಟನೆ ಸದ್ದಾಗಬೇಕು, ಬಾಯಿಗಿಟ್ಟರೆ ಕರಗಬೇಕು. ಹಾಗೆ ಬಂತು.

ಪೇಟೆಯಲ್ಲಿ ಕುರುಕಲು ತಿಂಡಿ ಮಾರುವ ಅಂಗಡಿಯೊಂದಿತ್ತು. ಹಣೆ ತುಂಬ ವಿಭೂತಿ ಇಟ್ಟುಕೊಂಡ ಯಜಮಾನರು. ಅಕ್ಕ ಧೈರ್ಯ ಮಾಡಿ ಒಂದು ಡಬ್ಬ ಹೊತ್ತುಕೊಂಡು ಹೋದಳು, ಅವರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು, ಇನ್ನೊಂದು ತೆಗೆದುಕೊಂಡರು. ಅವತ್ತಿನಿಂದ ಅವರ ಗಾಜಿನ ಭರಣಿಗೆ ನಮ್ಮ ಮನೆಯ ಕೋಡುಬಳೆ. ಗಿರಾಕಿಗಳು "ಎಲ್ಲಿ ಮಾಡ್ಸಿದ್ದು ಯಜಮಾನ್ರೇ, ಏನ್ ರುಚಿ!" ಎಂದರೆ ಅವರು "ನಮ್ಮ ಗೊತ್ತಿರೋರ ಮನೇಲಿ" ಎನ್ನುತ್ತಿದ್ದರು. ಕೇಳಿದವರು ಅವರ ನೆಂಟರ ಮನೆ ಅಂದುಕೊಳ್ಳುತ್ತಿದ್ದರು. ಅಂದುಕೊಳ್ಳಲಿ ಅಂತಲೇ ಅವರು ಹಾಗೆ ಹೇಳುತ್ತಿದ್ದದ್ದು.

ಬಿಡಿಸಿ ಹೇಳಿಬಿಡುತ್ತೇನೆ. ನಾವು ದಲಿತರು. ನಮ್ಮದು ಊರಿನ ಕೊನೆಯ ಬೀದಿ, ಬೀದಿಯ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೆ. ಯಜಮಾನರಿಗೆ ಮೊದಲ ದಿನವೇ ಗೊತ್ತಿತ್ತು. ಅವರು ನಮ್ಮ ಮನೆಗೆ ಬಂದು ನೀರು ಕುಡಿದವರಲ್ಲ, ಆದರೆ ತೂಕ ಹಾಕುವ ಮುಂಚೆ ಒಂದು ಕೋಡುಬಳೆ ತಿನ್ನದೆ ಇದ್ದವರೂ ಅಲ್ಲ. ಕೆಟ್ಟ ಮನುಷ್ಯ ಎಂದರೆ ನನ್ನ ನಾಲಗೆ ಬಿದ್ದುಹೋಗುತ್ತದೆ. ನನ್ನ ಕಾಲೇಜಿನ ಫೀಸು, ಬಟ್ಟೆ, ಪುಸ್ತಕ, ಆಮೇಲೆ ಮೈಸೂರಿನಲ್ಲಿ ಎಂ.ಕಾಂ.ಗೆ ಸೇರಿದ್ದು, ಎಲ್ಲ ಆ ಗಾಜಿನ ಭರಣಿಯಿಂದ ಬಂದದ್ದು.

ನಾನು ಎಂ.ಕಾಂ.ಗೆ ಸೇರಿದ ಹೊಸದರಲ್ಲಿ ನಂಜನಗೂಡಿನಲ್ಲಿ ಹೆಂಗಸರಿಗೆ ಸ್ವಂತ ಉದ್ಯೋಗದ ತರಬೇತಿ ನಡೆಯಿತು. ಅಕ್ಕ ಹೋದಳು. ಮೈಸೂರಿನಿಂದ ಬಂದ ಮೇಡಂ ಒಬ್ಬರು ಬಂಡವಾಳ, ಬೇಡಿಕೆ, ಪೈಪೋಟಿ ಎಂದೆಲ್ಲ ಹೇಳಿ, "ಕೈ ಕೆಸರಾದರೆ ಬಾಯಿ ಮೊಸರು ಅಮ್ಮಾ" ಎಂದರಂತೆ. ಆ ಕೆಸರು ಯಾವ ಬೀದಿಯದು ಅಂತ ಕೇಳಿ ಆಮೇಲೆ ಮೊಸರು ಬಡಿಸುವ ಊರು ನಮ್ಮದು ಎಂದು ಆಯಮ್ಮನಿಗೆ ಯಾರು ಹೇಳಬೇಕು? ಕೊನೆಗೆ ಅವರು ಹೇಳಿದ ಒಂದು ಮಾತು ಅಕ್ಕನ ಎದೆಗೆ ಹೋಗಿ ಕೂತಿತು. "ಹೆಸರಿಲ್ಲದೆ ಬಿಡಿಯಾಗಿ ಮಾರಿದರೆ ನೀವು ಬರೀ ಕೂಲಿಯವರು. ನಿಮ್ಮ ಹೆಸರಿನ ಪೊಟ್ಟಣ ಮಾರಿದ ದಿನ ನೀವು ಉದ್ಯಮಿ."

ರಜೆಗೆ ಬಂದ ನನ್ನ ಮುಂದೆ ಅಕ್ಕ ಕೂತುಕೊಂಡು ಕೇಳಿದಳು, "ನನ್ನ ಯೆಸ್ರ ಕೊನೇಲಿ ಕೂಗಿ ಕರ್ದೋರು ಯಾರು ಗೊತ್ತಾ? ಏಳ್ನೇ ಕ್ಲಾಸಲ್ಲಿ ಆಜರಿ ಕೂಗ್ದ ಮೇಷ್ಟ್ರು. ಆಮ್ಯಾಕೆ ನಾನು ಇವ್ರ ಮಗ್ಳು, ಅವ್ರ ಎಂಡ್ತಿ, ಅಂಗ್ಡೀಲಿ ಕೋಡ್ಬಳೆಯವ್ಳು. ನನ್ನ ಯೆಸ್ರು ಯಾವ್ದು ಅಂತ ನಂಗೇ ಮರ್ತೋಗದೆ ಕಣವ್ವ."

ಪೊಟ್ಟಣ ಎಂದ ಮೇಲೆ ಅದರ ಮೇಲೆ ತಯಾರಿಸಿದವರ ಹೆಸರು, ವಿಳಾಸ ಇರಬೇಕು, ಅದು ಕಾನೂನು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಹೆದರಿದೆ. "ಅಕ್ಕಾ, ವಿಳಾಸ ನೋಡಿದ್ರೆ ಗೊತ್ತಾಗ್ತದೆ" ಎಂದೆ.

"ಗೊತ್ತಾಗ್ಲಿ. ಇಷ್ಟ್ ವರ್ಸದಿಂದ ಚಪ್ಪರ್ಸ್ಕೊಂಡು ತಿಂತಾವ್ರೆ. ತಿಂದ ನಾಲ್ಗೆ ಸುಳ್ಳೇಳದಾ?"

ಅಪಾಯವನ್ನು ಲೆಕ್ಕ ಹಾಕಿ ಹೊರುವವನು ಉದ್ಯಮಿ ಎನ್ನುತ್ತದೆ ಪುಸ್ತಕ. ಅಕ್ಕ ಲೆಕ್ಕ ಹಾಕಿದ್ದಳು. ಊರವರ ನಾಲಗೆಯನ್ನು ನಂಬಿ ಹಾಕಿದ ಲೆಕ್ಕ ಅದು.

ಲೇಬಲ್ ಅಚ್ಚು ಹಾಕಿಸಲು ನಾನೂ ಜೊತೆಗೆ ಹೋಗಿದ್ದೆ. ಪ್ರೆಸ್ಸಿನವನು ಚೀಟಿ ಓದುತ್ತಾ ಓದುತ್ತಾ ವಿಳಾಸಕ್ಕೆ ಬಂದು ನಿಂತ. ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದ. "ಬೀದಿ ಹೆಸ್ರು ಬಿಡಿ ಅಕ್ಕ, ಬರೀ ನಂಜನಗೂಡು ಅಂತ ಹಾಕ್ತೀನಿ. ನೋಡಕ್ಕೂ ನೀಟಾಗಿರ್ತದೆ" ಎಂದ. ಪಾಪ, ಒಳ್ಳೆಯದಕ್ಕೇ ಹೇಳಿದ್ದು.

"ಕಾಗ್ದ ಬಂದ್ರೆ ಪೋಸ್ಟ್‌ನವ್ನು ಎಲ್ಲಿಗೆ ತಂದ್ಕೊಡ್ತಾನಪ್ಪಾ? ಪೂರ್ತಿ ಆಕು" ಎಂದಳು ಅಕ್ಕ.

ಕೆಂಪು ಅಕ್ಷರದ ಲೇಬಲ್ ಬಂತು. ಮೇಲೆ ಅಕ್ಕನ ಹೆಸರು, ಅದರ ಕೆಳಗೆ ಕೋಡುಬಳೆ, ಕೊನೆಯಲ್ಲಿ ಸಣ್ಣಕ್ಷರದಲ್ಲಿ ನಮ್ಮ ಬೀದಿ. ಭಾವ, "ಒಟ್ಟೆಗೆ ಇಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವು" ಎಂದು ಛೇಡಿಸಿದರು. ಛೇಡಿಸಿದವರೇ ಒಂದು ಲೇಬಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದರು. ಅಕ್ಕ ಆ ದಿನ ಹೊಸ ಸೀರೆ ಉಟ್ಟುಕೊಂಡಿದ್ದಳು. ಅಷ್ಟು ಸಂತೋಷವಾಗಿದ್ದ ಅಕ್ಕನನ್ನು ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ನಾನು ನೋಡಿದ್ದಿಲ್ಲ.

ಯಜಮಾನರು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, "ಹೆಸ್ರು ಯಾಕಮ್ಮಾ, ಮಾಲು ಹೋಗ್ತಾನೇ ಇದೆಯಲ್ಲ" ಎಂದರು. ಆದರೂ ಅಂಗಡಿಯ ಮುಂದೆ ನೇತುಹಾಕಿದರು. ಆ ಒಂದು ಋಣ ನಾನು ಮರೆಯಬಾರದು.

ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು. ನನಗೆ ಜಗಳ ಚೆನ್ನಾಗಿ ಬರುತ್ತದೆ. ಪೊಟ್ಟಣ ಕೈಗೆ ತೆಗೆದುಕೊಳ್ಳುವುದು, ಓದುವುದು, ಮತ್ತೆ ಅಲ್ಲೇ ಸಿಕ್ಕಿಸುವುದು. "ಯಾಕೋ ಖಾರ ಜಾಸ್ತಿ ಆಗ್ತದೆ ಕಣ್ರೀ", "ಎಣ್ಣೆ ಪದಾರ್ಥ ಡಾಕ್ಟ್ರು ಬೇಡ ಅಂದವ್ರೆ", "ಮನೇಲಿ ಮಕ್ಳು ಬಿಸ್ಕತ್ತು ಕೇಳ್ತವೆ." ಅಯ್ಯೋ ಶಿವನೇ, ಒಂದೇ ತಿಂಗಳಲ್ಲಿ ನಂಜನಗೂಡಿನ ಜನಕ್ಕೆಲ್ಲ ಒಟ್ಟಿಗೇ ಗ್ಯಾಸ್ಟ್ರಿಕ್ ಬಂತಲ್ಲ ಎಂದು ನಾನು ನಕ್ಕೆ. ಅಕ್ಕ ನಗಲಿಲ್ಲ. ದೇವಸ್ಥಾನಕ್ಕೆ ಬರುವ ಪರವೂರಿನವರು ಕೊಂಡರು, ಕೊಂಡಿದ್ದು ಸುಳ್ಳಲ್ಲ. ಆದರೆ ಅವರು ಒಂದು ಸಲ ಬಂದು ಬಸ್ಸು ಹತ್ತಿ ಹೋಗುವವರು. ವ್ಯಾಪಾರ ನಿಲ್ಲುವುದು ಮತ್ತೆ ಮತ್ತೆ ಬರುವ ಗಿರಾಕಿಯಿಂದ, ಆ ಗಿರಾಕಿಗೆ ನಮ್ಮ ಬೀದಿ ಗೊತ್ತಿತ್ತು. ಪೊಟ್ಟಣಗಳು ನೇತಾಡಿ ನೇತಾಡಿ ಕಮಟು ವಾಸನೆ ಹಿಡಿದು ಮನೆಗೆ ವಾಪಸು ಬಂದವು. ಅಕ್ಕ ಒಂದೊಂದೇ ಬಿಚ್ಚಿ ಪಕ್ಕದ ಮನೆಯ ಹಸುವಿನ ಬಾನಿಗೆ ಸುರಿದಳು.

ಯಜಮಾನರು ಒಂದು ಸಂಜೆ ಭಾವನ ಕೈಲಿ ಹೇಳಿಕಳಿಸಿದರು. ನಾವಿಬ್ಬರೂ ಹೋದೆವು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ, "ಆಗಿದ್ದು ಆಗೋಯ್ತು ತಾಯಿ. ಲೇಬಲ್ ತೆಗೀರಿ. ಮುಂಚೆ ಹಂಗೆ ಡಬ್ಬದಲ್ಲಿ ತನ್ನಿ, ನಾಳೆಯಿಂದ್ಲೇ ಭರಣಿಗೆ ಸುರೀತೀನಿ. ಎರಡು ತಿಂಗ್ಳಲ್ಲಿ ಜನ ಮರೀತಾರೆ. ನಾನಂತೂ ಯಾರ್ಗೂ ಹೇಳಲ್ಲ" ಎಂದರು.

ಅವರು ಕೊಡುತ್ತಿದ್ದದ್ದು ಬದುಕು. ನನಗೆ ಅದು ಗೊತ್ತಿತ್ತು, ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಯಜಮಾನ್ರೇ, ಯೆಸ್ರು ಇಲ್ದಾಗ ಇಲ್ದೆ ಇದ್ದೆ. ಬರ್ದ ಮ್ಯಾಲೆ ಎಂಗೆ ಅಳಿಸ್ಕಳ್ಳಿ? ನನ್ನ ನಾನೇ ಅಳಿಸ್ಕಂಡಂಗಲ್ವಾ?"

ಯಜಮಾನರು ಕಣ್ಣು ಕೆಳಗೆ ಮಾಡಿ ತಕ್ಕಡಿ ಒರೆಸತೊಡಗಿದರು. ನಾವು ಮನೆಗೆ ಬಂದೆವು.

ಮುಂದಿನದನ್ನು ಉದ್ದ ಮಾಡಿ ಹೇಳುವುದಕ್ಕೆ ನನಗೆ ಇಷ್ಟವಿಲ್ಲ. ಅಕ್ಕ ದೊಡ್ಡ ಬಾಣಲೆಯನ್ನು ಮದುವೆ ಅಡುಗೆಯವರಿಗೆ ಮಾರಿದಳು. ಮಿಕ್ಕ ಲೇಬಲ್‌ಗಳು ಒಲೆ ಹಚ್ಚಲು ಬಂದವು. ಅವಳು ದಾರದ ಕಾರ್ಖಾನೆಗೆ ಕೆಲಸಕ್ಕೆ ಸೇರಿಕೊಂಡಳು. ಅಲ್ಲಿ ಅವಳಿಗೊಂದು ನಂಬರು ಕೊಟ್ಟರು. ನನ್ನ ಓದು ನಿಲ್ಲಲಿಲ್ಲ, ನಿಲ್ಲುವುದಕ್ಕೆ ಅವಳು ಬಿಡಲಿಲ್ಲ. ಹಬ್ಬಕ್ಕೂ ಮನೆಯಲ್ಲಿ ಕೋಡುಬಳೆ ಮಾಡುವುದು ನಿಂತುಹೋಯಿತು. ಕೇಳಿದರೆ "ಕೈ ಮರ್ತೋಗದೆ ಕಣೆ" ಎನ್ನುವಳು. ಆ ಕೈ ಮರೆಯುವ ಕೈಯೇ? ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಭಾವನ ಮೇಲೆ ರೇಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ ನನಗೆ ತಿ. ನರಸೀಪುರದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಪಾಠ ಮಾಡಲು ಕೊಟ್ಟದ್ದು ಅದೇ ವಿಷಯ, ಉದ್ಯಮಶೀಲತೆ. ನಾನು ಯಾವ ಬೀದಿಯವಳು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ಮಕ್ಕಳು. ಒಬ್ಬ ಸ್ಥಳೀಯ ಉದ್ಯಮಿಯನ್ನು ಕರೆಸಿ ಮಕ್ಕಳೊಂದಿಗೆ ಮಾತಾಡಿಸಬೇಕೆಂದು ಪಾಠದಲ್ಲೇ ಇತ್ತು. ಬೇರೆಯವರು ರೈಸ್‌ಮಿಲ್ಲಿನವರನ್ನೋ ಪೆಟ್ರೋಲ್ ಬಂಕಿನವರನ್ನೋ ಕರೆಯುತ್ತಿದ್ದರು. ನಾನು ಅಕ್ಕನನ್ನು ಕರೆದೆ. "ನಿಂಗೇನ್ ತಲೆ ಕೆಟ್ಟದಾ?" ಎಂದು ಬೈದಳು. ಬೈದು, ಕಾರ್ಖಾನೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಮಕ್ಕಳ ಮುಂದೆ ಅವಳು ಏನು ಹೇಳಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ, ಈ ಮಕ್ಕಳಾದರೂ ಕೇಳಲಿ ಎಂಬ ಆಸೆ ನನ್ನದು.

ನನ್ನ ಅಕ್ಕ ಎಂದೇ ಪರಿಚಯ ಮಾಡಿಕೊಟ್ಟೆ. ಚೆನ್ನಾಗಿ ಮಾತಾಡಿದಳು. ಎಣ್ಣೆ ಕಾದಿದೆಯೋ ಇಲ್ಲವೋ ನೋಡಲು ಚಿಟಿಕೆ ಹಿಟ್ಟು ಬಿಡುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಕೆಡಿಸಿದ ಕೋಡುಬಳೆಯ ಕಥೆ ಹೇಳಿದಾಗ ಹಿಂದಿನ ಬೆಂಚಿನವರೂ ನಕ್ಕರು. ಅಕ್ಕನಿಗೆ ಇಷ್ಟು ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತು ಹೆಮ್ಮೆಯಿಂದ ನೋಡುತ್ತಿದ್ದೆ.

ಒಬ್ಬ ಹುಡುಗಿ ಎದ್ದು, "ಅಷ್ಟು ಚೆನ್ನಾಗಿ ನಡೀತಿದ್ದದ್ದನ್ನ ಯಾಕೆ ನಿಲ್ಲಿಸಿದ್ರಿ ಅಮ್ಮಾ?" ಎಂದು ಕೇಳಿದಳು.

ಅಕ್ಕ ನನ್ನ ಕಡೆ ನೋಡಿದಳು. ನಾನು ಹೇಳು ಎನ್ನುವಂತೆ ತಲೆಯಾಡಿಸಿದೆ.

"ಎಣ್ಣೆ ರೇಟು ಏರ್ತು ಕಣವ್ವ" ಎಂದಳು.

ಇನ್ನೊಬ್ಬ ಹುಡುಗ ಪೆನ್ನು ಹಿಡಿದುಕೊಂಡೇ ಎದ್ದ. "ನಿಮ್ಮ ಕೋಡುಬಳೆಗೆ ಏನಂತ ಹೆಸರಿಟ್ಟಿದ್ರಿ?"

"ಯೆಸ್ರೇನೂ ಇಕ್ಕಿರ್ನಿಲ್ಲ ಕಣಪ್ಪ. ಸಣ್ಣ ವ್ಯಾಪಾರ."

ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು. ನಾನು ಬಾಯಿ ತೆರೆದೆ. ಅಕ್ಕ ದುರುಗುಟ್ಟಿಕೊಂಡು ನೋಡಿದಳು, ಚಿಕ್ಕಂದಿನಲ್ಲಿ ಅಪ್ಪನ ಮುಂದೆ ನಾನು ಏನಾದರೂ ಒದರಲು ಹೋದಾಗ ನೋಡುತ್ತಿದ್ದ ಹಾಗೆ. ಸುಮ್ಮನಾದೆ.

ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. "ಹೆಸರಿಗೋಸ್ಕರ ಎಲ್ಲಾನೂ ಕಳ್ಕೊಂಡೆ. ಇವತ್ತು ಹೆಸರೇ ಇರ್ಲಿಲ್ಲ ಅಂದ್ಯಲ್ಲ, ಯಾಕಕ್ಕಾ?" ಎಂದು ಅತ್ತೆ.

"ಅಳ್ಬ್ಯಾಡ, ಜನ ನೋಡ್ತಾರೆ" ಎಂದಳು. "ನಾನು ಈಗ ಬಸ್ ಅತ್ತಿ ಓಯ್ತೀನಿ. ನಾಳೀಕೆ ಅವ್ರ ಮುಂದೆ ನಿಂತ್ಕಳೋಳು ನೀನು."

ಆ ವರ್ಷದ ಪರೀಕ್ಷೆಗೆ ನಾನೇ ಒಂದು ಪ್ರಶ್ನೆ ಕೊಟ್ಟಿದ್ದೆ: ನೀವು ಭೇಟಿ ಮಾಡಿದ ಉದ್ಯಮಿಯೊಬ್ಬರ ಯಶಸ್ಸು ಅಥವಾ ಸೋಲಿಗೆ ಕಾರಣ ಬರೆಯಿರಿ. ತರಗತಿಯ ಜಾಣ ಹುಡುಗಿ ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು: "ಅವರಲ್ಲಿ ಕೌಶಲ ಇತ್ತು, ಶ್ರಮ ಇತ್ತು. ಆದರೆ ತಮ್ಮ ಪದಾರ್ಥಕ್ಕೆ ತಮ್ಮ ಹೆಸರು ಇಡುವ ಧೈರ್ಯ ಮಾಡಲಿಲ್ಲ. ಆದ್ದರಿಂದ ಸೋತರು."

ಕೆಂಪು ಪೆನ್ನು ಹಿಡಿದು ಆ ಸಾಲುಗಳನ್ನು ಮತ್ತೊಂದು ಸಲ ಓದಿದೆ. ಪುಸ್ತಕದ ಪ್ರಕಾರ ಉತ್ತರ ಸರಿಯಾಗಿತ್ತು. ಪೂರ್ತಿ ಅಂಕ ಕೊಟ್ಟೆ.